ಮಗ ಇದ್ದಾನೆ, ಮಗು ಎಲ್ಲಿ? ವಲಸೆಯ ಕನ್ನಡ ಕಥನಗಳನ್ನು ಕಂಬಂ ಕಣಿವೆಯಿಂದ ಓದುವುದು

ಗೋಷ್ಠಿಗೆ ಕೊಟ್ಟ ಪ್ರಶ್ನೆ ನಿಮಗೆಲ್ಲ ಗೊತ್ತಿದೆ: ವಿದೇಶಕ್ಕೆ ಹೋದರೆ ಮಕ್ಕಳಿಗೆ ಉತ್ತಮ ಕುಟುಂಬ ಜೀವನ ಸಿಗುತ್ತದೆಯೇ? ಬೆಳಗಿನಿಂದ ಕೇಳಿದ ಮಾತುಗಳನ್ನು ಎರಡು ಗುಂಪು ಮಾಡಬಹುದು. ಒಂದು ಗುಂಪಿನವರು ಒಳ್ಳೆಯ ಶಾಲೆ, ಶುದ್ಧ ಗಾಳಿ, ಆಟದ ಮೈದಾನ ಅಂತ ಎಣಿಸಿದರು. ಇನ್ನೊಂದು ಗುಂಪಿನವರು ಅಜ್ಜ ಅಜ್ಜಿ, ಹಬ್ಬ, ಭಾಷೆ ಅಂತ ಎಣಿಸಿದರು. ಎರಡು ಪಟ್ಟಿಯಲ್ಲೂ ಒಂದು ಸಣ್ಣ ಪ್ರಶ್ನೆ ಬರಲೇ ಇಲ್ಲ. ಮಗು ಶಾಲೆಯಿಂದ ಮನೆಗೆ ಬಂದಾಗ ಬಾಗಿಲು ತೆಗೆಯುವವರು ಯಾರು?

ನಮ್ಮ ಸಾಹಿತ್ಯ, ಸಿನಿಮಾ ಈ ಪ್ರಶ್ನೆಯನ್ನು ಯಾಕೆ ಕೇಳಿಕೊಳ್ಳಲಿಲ್ಲ ಎನ್ನುವುದು ನನ್ನ ಪ್ರಬಂಧದ ವಿಷಯ. ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ. ವಲಸೆಯ ಬಗ್ಗೆ ಬರೆಯುವಾಗ ನಾವು ಹೋದ ದೇಶವನ್ನು ದೂರುತ್ತೇವೆ, ಇಲ್ಲವೇ ಹೋದವನನ್ನು ದೂರುತ್ತೇವೆ. ಮಗುವಿನ ಮನೆಯ ಬದುಕನ್ನು ಹೆಚ್ಚಾಗಿ ತೀರ್ಮಾನಿಸುವುದು ಹೋಗುವಾಗಿನ ಷರತ್ತು. ಮನೆ ಮನೆಯಾಗಿಯೇ ಹೊರಟಿತೋ, ಮನೆಯಿಂದ ದುಡಿಯುವ ಒಂದು ಜೀವ ಮಾತ್ರ ಹೊರಟಿತೋ ಎನ್ನುವುದು.

ಇದನ್ನು ನಾನು ಎಲ್ಲಿ ನಿಂತು ಹೇಳುತ್ತಿದ್ದೇನೆ ಎಂಬುದು ವಾದಕ್ಕೆ ಬೇಕಾದ್ದರಿಂದ ಹೇಳುತ್ತೇನೆ. ನಾನು ತಮಿಳುನಾಡಿನ ತೇನಿ ಜಿಲ್ಲೆಯ ಕಂಬಂ ಕಣಿವೆಯವನು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು. ಕನ್ನಡ ಅಕ್ಷರ ಕಲಿತದ್ದು ಮೀಸೆ ಬಂದ ಮೇಲೆ. ಕಂಬಂ, ತೇನಿ, ದಿಂಡಿಗಲ್ ಕಡೆ ಕಪ್ಪಿಲಿಯರು, ಅನುಪ್ಪರು ಎಂದು ಕರೆಯುವ ಒಕ್ಕಲುತನದ ಕನ್ನಡ ಸಮುದಾಯಗಳಿವೆ ಎನ್ನುವುದು ಕರ್ನಾಟಕದ ಬಹಳ ಜನಕ್ಕೆ ಗೊತ್ತಿಲ್ಲ. ದಿಂಡಿಗಲ್ ಅಂದರೆ 1755ರಲ್ಲಿ ಹೈದರಾಲಿ ಅಲ್ಲಿ ಫೌಜುದಾರನಾಗಿದ್ದ, ಶ್ರೀರಂಗಪಟ್ಟಣದ ಒಪ್ಪಂದದಲ್ಲಿ, 1792ರಲ್ಲಿ ಅದು ಇಂಗ್ಲಿಷರ ಕೈಗೆ ಹೋಯಿತು, ಇಷ್ಟು ನೆನಪಿರುತ್ತದೆ. ನಮ್ಮವರು ಬಂದದ್ದು ಅದಕ್ಕಿಂತ ಬಹಳ ಹಿಂದೆ ಎಂದು ನಮ್ಮ ಮನೆಗಳಲ್ಲಿ ಹೇಳುತ್ತಾರೆ.

ಆ ಬಂದ ಬಗೆ ನೋಡಿ. 1906ರಲ್ಲಿ ಡಬ್ಲ್ಯೂ. ಫ್ರಾನ್ಸಿಸ್ ಎಂಬ ಅಧಿಕಾರಿ ಬರೆದ ಮದುರಾ ಗೆಜೆಟಿಯರ್‌ನಲ್ಲಿ ಕಂಬಂನ ಕಪ್ಪಿಲಿಯರ ಒಂದು ದನದ ಮಂದೆಯ ವಿವರ ಇದೆ. ಮೂರು ವರ್ಷದ ಮೇಲೆ ಥರ್ಸ್ಟನ್ ತನ್ನ ಜಾತಿ–ಬುಡಕಟ್ಟುಗಳ ಸಂಪುಟಗಳಿಗೆ ಅದನ್ನೇ ಎತ್ತಿಕೊಂಡ. ಆ ಮಂದೆಗೆ ತಮಿಳಿನಲ್ಲಿ ತಂಬಿರಾನ್ ಮಾಡು ಎಂದು ಹೆಸರು, ಕನ್ನಡದಲ್ಲಿ ದೇವರು ಆವು. ಮಂದೆಗೊಂದು ಪಟ್ಟದ ಹೋರಿ. ಅದು ಸತ್ತರೆ ಮಂದೆಯ ಮುಂದೆ ಕಬ್ಬಿನ ಕಟ್ಟು ಇಡುತ್ತಾರೆ. ಮೊದಲು ಬಂದು ಬಾಯಿ ಹಾಕುವ ಹೋರಿಗೆ ಪಟ್ಟ. ಕಂಬಂನ ನಂದಗೋಪಾಲ ಸ್ವಾಮಿ ಗುಡಿಯಲ್ಲಿ ಈಗಲೂ ಮಾಟ್ಟು ಪೊಂಗಲ್ ದಿನ ಈ ದನಗಳನ್ನು ನೋಡಲು ಜನ ನೆರೆಯುತ್ತಾರೆ. ‘ಆವು’ ಎಂಬ ಪದವನ್ನು ಗಮನಿಸಬೇಕು. ಕರ್ನಾಟಕದ ವಿದ್ಯಾರ್ಥಿ ಅದನ್ನು ಹಳಗನ್ನಡದ ಪಾಠದಲ್ಲಿ ಅಡಿಟಿಪ್ಪಣಿ ನೋಡಿ ಅರ್ಥ ಮಾಡಿಕೊಳ್ಳುತ್ತಾನೆ. ನಮ್ಮಲ್ಲಿ ಒಂದಕ್ಷರ ಓದದ ಮುದುಕಿಯ ಬಾಯಲ್ಲಿ ಅದು ಇದೆ.

ಅಂದರೆ ನಮ್ಮ ಹಿರಿಯರು ಗುಳೆ ಹೊರಟಾಗ ಕುಲ ಹೊರಟಿತು, ದೇವರು ಹೊರಟಿತು, ದನ ಹೊರಟಿತು ಎಂದು ನಂಬಿಕೆ. ಅತ್ತೆ, ಸೋದರಮಾವ, ಅಜ್ಜಿ ಎಲ್ಲರೂ ಬಂದರು. ಮಗು ಕಳೆದುಕೊಂಡದ್ದು ಊರು, ಮನೆಯನ್ನಲ್ಲ. ಶಾಲೆ, ಪುಸ್ತಕ, ಪತ್ರಿಕೆ ಯಾವುದರ ನೆರವೂ ಇಲ್ಲದೆ ಇಷ್ಟು ತಲೆಮಾರು ಭಾಷೆ ಉಳಿದದ್ದಕ್ಕೆ ನನಗೆ ಕಾಣುವ ಕಾರಣ ಇದೊಂದೇ. ಭಾಷಾಭಿಮಾನ ಗೀಭಿಮಾನ ಏನೂ ಇರಲಿಲ್ಲ. ಅಡುಗೆಮನೆಯಲ್ಲಿ ಯಾರಾದರೂ ಒಬ್ಬರು ಇದ್ದೇ ಇರುತ್ತಿದ್ದರು, ಅಷ್ಟೆ.

ಇದನ್ನು ಹೇಳುವಾಗ ಹಳೆಯದನ್ನು ಹೊಗಳುವ ಚಪಲ ಬರುತ್ತದೆ. ಅದಕ್ಕೆ ಅದೇ ಗೆಜೆಟಿಯರ್‌ನಲ್ಲೇ ಮದ್ದು ಇದೆ. ಸೋದರತ್ತೆಯ ಮಗಳನ್ನು ಮದುವೆಯಾಗುವ ಹಕ್ಕನ್ನು ಕಪ್ಪಿಲಿಯರು ಎಷ್ಟು ಬಿಗಿಯಾಗಿ ಹಿಡಿದಿದ್ದರೆಂದರೆ, ವಯಸ್ಸಿಗೆ ವಯಸ್ಸು ಹೊಂದದ ಜೋಡಿಗಳು ಸಾಮಾನ್ಯವಾಗಿದ್ದವು ಎಂದು ಫ್ರಾನ್ಸಿಸ್ ಬರೆಯುತ್ತಾನೆ. ವಸಾಹತು ಅಧಿಕಾರಿಯ ಕಣ್ಣು ಎಂದು ಸ್ವಲ್ಪ ಕಳೆದರೂ ಉಳಿಯುವುದು ಕಡಿಮೆಯೇನಲ್ಲ. ತುಂಬಿದ ಮನೆ ಎಂಬುದು ಆ ಹುಡುಗಿಗೆ ಏನಾಗಿತ್ತು? ‘ಕುಟುಂಬ ಜೀವನ’ ಎಂಬ ಮಾತಿಗೆ ನಾವು ‘ಉತ್ತಮ’ ಎಂಬ ವಿಶೇಷಣ ಸೇರಿಸುವಾಗ ಅವಳನ್ನೂ ಕೇಳಬೇಕು.

ಈಗ ಕೃತಿಗಳಿಗೆ ಬರುತ್ತೇನೆ. ವಿದೇಶಕ್ಕೆ ಹೋಗಿ ಬಂದವನ ಕನ್ನಡ ಕಥನಗಳಲ್ಲಿ ಎಲ್ಲರಿಗೂ ಮೊದಲು ನೆನಪಾಗುವುದು ಎಸ್. ಎಲ್. ಭೈರಪ್ಪನವರ ‘ತಬ್ಬಲಿಯು ನೀನಾದೆ ಮಗನೆ’. ಕಾದಂಬರಿ 1968ರದು. ಗಿರೀಶ ಕಾರ್ನಾಡ ಮತ್ತು ಬಿ. ವಿ. ಕಾರಂತರು 1977ರಲ್ಲಿ ಅದನ್ನು ಸಿನಿಮಾ ಮಾಡಿದರು. ಅಮೆರಿಕಕ್ಕೆ ಓದಲು ಹೋದ ಗೌಡರ ಮನೆಯ ಹುಡುಗ ಅಲ್ಲಿಯ ಹೆಂಡತಿಯ ಜೊತೆ ಹಳ್ಳಿಗೆ ಮರಳುತ್ತಾನೆ. ಗೋವಿನ ಸುತ್ತ ಸಂಘರ್ಷ ಏಳುತ್ತದೆ. ನಮ್ಮ ವಿಮರ್ಶೆ ಇದನ್ನು ಸಂಪ್ರದಾಯ ಮತ್ತು ಆಧುನಿಕತೆಯ ಕಥೆ ಎಂದು ಓದಿ ಓದಿ ಸವೆಸಿದೆ. ದೇವರು ಆವಿನ ಊರಿನಲ್ಲಿ ಕೂತು ಓದುವ ನನಗೆ ಬೇರೊಂದು ಸಂಗತಿ ಕಾಣುತ್ತದೆ. ಶೀರ್ಷಿಕೆಯಲ್ಲಿ ‘ಮಗ’ ಇದ್ದಾನೆ. ಆ ಮಗ ಮಗುವಲ್ಲ, ಬೆಳೆದ ಗಂಡಸು. ತಬ್ಬಲಿತನ ಎಂದರೆ ಇಲ್ಲಿ ಪರಂಪರೆಯಿಂದ ಕಡಿದುಹೋಗುವುದು. ಹಸಿವಾದಾಗ, ಜ್ವರ ಬಂದಾಗ, ಕತ್ತಲಾದಾಗ ಹತ್ತಿರ ಯಾರೂ ಇಲ್ಲದಿರುವ ತಬ್ಬಲಿತನ ಬೇರೆ. ಮೊದಲನೆಯದು ತಾತ್ವಿಕ, ಎರಡನೆಯದು ದಿನನಿತ್ಯದ್ದು. ಕಾದಂಬರಿ ಮೊದಲನೆಯದರಲ್ಲಿ ಬಹಳ ಆಳಕ್ಕೆ ಇಳಿಯುತ್ತದೆ, ಅದರ ಶಕ್ತಿಯನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅದು ಹಾಕಿಕೊಟ್ಟ ದಾರಿಯಲ್ಲೇ ನಾವು ಐವತ್ತು ವರ್ಷಕ್ಕೂ ಹೆಚ್ಚು ಕಾಲ ನಡೆದೆವು. ವಿದೇಶ ಅಂದ ಕೂಡಲೇ ನಿಷ್ಠೆಯ ವಿಚಾರಣೆ ಶುರು. ಆರೋಪಿ ಮಗ, ದೂರು ಕೊಡುವವರು ತಂದೆ ತಾಯಿ ಅಥವಾ ಊರು. ಮೊಮ್ಮಗು ಹೆಚ್ಚೆಂದರೆ ಸಾಕ್ಷಿ.

ನಾಗತಿಹಳ್ಳಿ ಚಂದ್ರಶೇಖರರ ‘ಅಮೆರಿಕಾ ಅಮೆರಿಕಾ’ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸೂರ್ಯ, ಶಶಾಂಕ, ಭೂಮಿಕಾ ಎಂದು ಹೆಸರಿಟ್ಟ ಕೂಡಲೇ ಯಾರು ಯಾರ ಸುತ್ತ ತಿರುಗಬೇಕು ಎಂಬುದು ತೀರ್ಮಾನ ಆಗಿಬಿಟ್ಟಿರುತ್ತದೆ. ಹಾಡುಗಳು ಚೆನ್ನಾಗಿವೆ. ತೊಂಬತ್ತರ ದಶಕದ ಕನ್ನಡ ಮಧ್ಯಮವರ್ಗಕ್ಕೆ ತನ್ನ ಆಸೆಯನ್ನೂ ಅಳುಕನ್ನೂ ಒಟ್ಟಿಗೆ ನೋಡಿಕೊಳ್ಳಲು ಅದೊಂದು ಕನ್ನಡಿಯಾಯಿತು, ಒಪ್ಪುತ್ತೇನೆ. ಅದು ಗಂಡ ಹೆಂಡತಿ ಗೆಳೆಯನ ಕಥೆ. ಮಗುವಿನ ಕಣ್ಣಿನ ಎತ್ತರಕ್ಕೆ ಕ್ಯಾಮೆರಾ ಇಳಿಯುವ ಚಿತ್ರ ಅಲ್ಲ.

ನನಗೆ ಹೆಚ್ಚು ಮುಖ್ಯ ಅನ್ನಿಸುವುದು ಎ. ಕೆ. ರಾಮಾನುಜನ್ನರ ‘ಅಣ್ಣಯ್ಯನ ಮಾನವಶಾಸ್ತ್ರ’. ರಾಮಾನುಜನ್ ಹುಟ್ಟಿದ್ದು 1929ರಲ್ಲಿ ಮೈಸೂರಿನಲ್ಲಿ, ತೀರಿಕೊಂಡದ್ದು 1993ರಲ್ಲಿ ಶಿಕಾಗೋದಲ್ಲಿ. ಮನೆಯ ಕೆಳಗೆ ಅಮ್ಮನ ಜೊತೆ ತಮಿಳು, ಬೀದಿಯಲ್ಲಿ ಕನ್ನಡ, ಮಹಡಿಯಲ್ಲಿ ಗಣಿತದ ಮೇಷ್ಟ್ರಾಗಿದ್ದ ಅಪ್ಪನ ಕೋಣೆಯಲ್ಲಿ ಇಂಗ್ಲಿಷ್. ನಮ್ಮ ಮನೆಯನ್ನು ತಿರುಗಿಸಿ ಹಾಕಿದ ಹಾಗಿದೆ. ನಮ್ಮಲ್ಲಿ ಕೆಳಗೆ ಕನ್ನಡ, ಬೀದಿಯಲ್ಲಿ ತಮಿಳು. ಮಹಡಿ ಒಂದು ಇರಲಿಲ್ಲ.

ಕಥೆ ನಿಮಗೆ ಗೊತ್ತು. ಶಿಕಾಗೋದಲ್ಲಿರುವ ಅಣ್ಣಯ್ಯ ಹಿಂದೂ ಆಚರಣೆಗಳ ಬಗ್ಗೆ ಅಮೆರಿಕದ ವಿದ್ವಾಂಸನೊಬ್ಬ ಬರೆದ ಪುಸ್ತಕ ತಿರುವಿ ಹಾಕುತ್ತಾನೆ. ಅದರಲ್ಲಿ ಒಂದು ಶವಸಂಸ್ಕಾರದ ಫೋಟೋ. ನೋಡಿದರೆ ತನ್ನ ಮನೆ, ತನ್ನ ಅಪ್ಪ. ಇನ್ನೊಂದು ಫೋಟೋದಲ್ಲಿ ತಲೆ ಬೋಳಿಸಿದ ವಿಧವೆ, ತನ್ನ ಅಮ್ಮ. ಪಶ್ಚಿಮದ ಜ್ಞಾನದ ಮೂಲಕ ತನ್ನನ್ನು ತಾನು ತಿಳಿಯಹೊರಟವನ ವ್ಯಂಗ್ಯ ಎಂದು ಇದನ್ನು ಪಾಠ ಮಾಡುತ್ತಾರೆ. ಆ ಓದು ಸರಿಯೇ. ಆದರೆ ಒಂದು ಸಣ್ಣ ವಿವರದ ಮೇಲೆ ಅದು ಹಾರಿಹೋಗುತ್ತದೆ. ಅಪ್ಪ ಸತ್ತ ಸುದ್ದಿಯನ್ನು ಅಣ್ಣಯ್ಯನಿಗೆ ಮನೆಯವರು ತಿಳಿಸಿರಲಿಲ್ಲ. ಅಮೆರಿಕ ಮುಚ್ಚಿಡಲಿಲ್ಲ, ಮನೆ ಮುಚ್ಚಿಟ್ಟಿತು. ಫೋಟೋ ಒದಗಿಸಿದವನೂ ನೆಂಟನೇ. ದೂರ ಹೋದ ಮಗನ ಓದು ಕೆಡಬಾರದು, ಅವನ ಮನಸ್ಸು ಕೆಡಬಾರದು ಎಂದು ಅಕ್ಕರೆಯಿಂದಲೇ ಮನೆ ಅವನನ್ನು ಮನೆಯ ಹೊರಗೆ ಇಡುತ್ತದೆ. ವಲಸೆಯಲ್ಲಿ ಕುಟುಂಬ ಒಡೆಯುವುದು ಹೀಗೆ, ಎರಡೂ ಕಡೆಯಿಂದ. ಕಣಿವೆಯಲ್ಲಿ ದುಡಿಯಲು ಹೋದವರ ಮನೆಗಳಲ್ಲಿ ಇದು ನಿತ್ಯ ನಡೆಯುತ್ತದೆ. “ಫೋನಲ್ಲಿ ಅಪ್ಪಂಗೆ ಹೇಳ್ಬೇಡ, ಅಲ್ಲಿ ಒಬ್ನೇ ಇದಾನೆ, ಯೋಚನೆ ಮಾಡ್ತಾನೆ” ಅನ್ನುವ ಮಾತನ್ನು ಮಕ್ಕಳು ಬಹಳ ಬೇಗ ಕಲಿಯುತ್ತಾರೆ. ಸುಳ್ಳು ಹೇಳುವುದನ್ನು ಪ್ರೀತಿಯ ಭಾಗವಾಗಿ ಕಲಿಯುವ ಮಗುವಿನ ಕುಟುಂಬ ಜೀವನ ಎಂಥದ್ದು ಎಂದು ಕೇಳಲು ನನಗೆ ದಾರಿ ತೋರಿಸಿದ್ದು ಈ ಕಥೆ.

ಇನ್ನು ಎದುರು ಬದಿ. ಊರಲ್ಲೇ ಉಳಿದರೆ ಮಗುವಿಗೆ ತುಂಬಿದ ಮನೆ ಸಿಗುತ್ತದೆ ಎನ್ನುವುದು ನಮ್ಮ ಬಹುತೇಕ ಕಥನಗಳ ಅಡಿಪಾಯ. ಕಂಬಂ ಕಣಿವೆಯಲ್ಲಿ ಒಂದು ವಾರ ಇದ್ದು ನೋಡಿ. 1895ರಲ್ಲಿ ಮುಲ್ಲಪೆರಿಯಾರ್ ಅಣೆಕಟ್ಟು ಮುಗಿದು ಬೆಟ್ಟದಾಚೆಯ ನೀರು ಈಚೆ ಬಂದ ಮೇಲೆ ಕಣಿವೆ ಹಸಿರಾಯಿತು. ಪೆನ್ನಿಕ್ವಿಕ್ ದೊರೆಯ ಹೆಸರನ್ನು ಇಲ್ಲಿ ಈಗಲೂ ದೇವರ ಹಾಗೆ ಹೇಳುತ್ತಾರೆ. ಗದ್ದೆ, ತೆಂಗು, ದ್ರಾಕ್ಷಿ ಇವೆ. ಆದರೆ ಭೂಮಿ ಇಲ್ಲದವರಿಗೆ ಕೂಲಿ ಇರುವುದು ಬೆಟ್ಟದ ಮೇಲಿನ ಏಲಕ್ಕಿ ತೋಟಗಳಲ್ಲಿ. 1956ರ ರಾಜ್ಯ ವಿಂಗಡಣೆಯಲ್ಲಿ ದೇವಿಕುಳಂ, ಪೀರುಮೇಡು ಕೇರಳಕ್ಕೆ ಸೇರಿದ್ದರಿಂದ ಆ ಕೂಲಿ ಈಗ ಇನ್ನೊಂದು ರಾಜ್ಯದ್ದು. ಬೆಳಗಿನ ಜಾವ ಕಂಬಂ, ಗೂಡಲೂರು, ಬೋಡಿನಾಯಕನೂರಿನಿಂದ ಜೀಪುಗಳು ಹೊರಡುತ್ತವೆ. ಹೆಂಗಸರು ತಲೆಗೆ ಬಟ್ಟೆ ಕಟ್ಟಿಕೊಂಡು, ಬುತ್ತಿ ಹಿಡಿದು, ಕಂಬಂಮೆಟ್ಟು, ಕುಮಳಿ, ಬೋಡಿಮೆಟ್ಟು ಹತ್ತುತ್ತಾರೆ. ಹೋಗುವಾಗ ಮಕ್ಕಳು ಎದ್ದಿರುವುದಿಲ್ಲ. ಸಂಜೆ ಬಂದಾಗ ಅಮ್ಮ ಎದ್ದಿರುವ ಸ್ಥಿತಿಯಲ್ಲಿ ಇರುವುದಿಲ್ಲ. ಶಾಲೆಗೆ ಹೊರಡಿಸುವವಳು ಅಜ್ಜಿ, ಇಲ್ಲವೇ ಹತ್ತು ಹನ್ನೊಂದು ವರ್ಷದ ಅಕ್ಕ. ಪಾಸ್‌ಪೋರ್ಟ್ ಬೇಡ, ವೀಸಾ ಬೇಡ, ವಿಮಾನ ಬೇಡ. ಇದೂ ವಲಸೆಯೇ, ದಿನಕ್ಕೊಂದು ಸಲ ಹೋಗಿಬರುವ ವಲಸೆ. 2011ರ ಡಿಸೆಂಬರ್‌ನಲ್ಲಿ ಅಣೆಕಟ್ಟಿನ ಜಗಳಕ್ಕೆ ಗಡಿ ಹೊತ್ತಿಕೊಂಡಾಗ, ಆಮೇಲೆ 2020ರ ಲಾಕ್‌ಡೌನ್‌ನಲ್ಲಿ ಚೆಕ್‌ಪೋಸ್ಟ್ ಮುಚ್ಚಿದಾಗ ಅಮ್ಮಂದಿರು ಮನೆಯಲ್ಲಿದ್ದರು. ಒಲೆಯಲ್ಲಿ ಬೆಂಕಿ ಇರಲಿಲ್ಲ.

ಈ ಬೆಟ್ಟದ ಬದುಕನ್ನು ಲೆನಿನ್ ಭಾರತಿಯವರ ತಮಿಳು ಚಿತ್ರ ‘ಮೇರ್ಕು ತೊಡರ್ಚಿ ಮಲೈ’ 2018ರಲ್ಲಿ ತೆರೆಗೆ ತಂದಿತು. ಏಲಕ್ಕಿ ಮೂಟೆ ಹೊತ್ತು ಕಾಲುದಾರಿಯಲ್ಲಿ ಇಳಿಯುವ ರಂಗಸಾಮಿಗೆ ಒಂದು ತುಂಡು ಜಮೀನು ಕೊಳ್ಳುವ ಆಸೆ. ಕೊಳ್ಳುತ್ತಾನೆ, ಕಳೆದುಕೊಳ್ಳುತ್ತಾನೆ, ಕೊನೆಗೆ ಅದೇ ನೆಲದಲ್ಲಿ ಎದ್ದ ಗಾಳಿಯಂತ್ರಕ್ಕೆ ಕಾವಲುಗಾರನಾಗಿ ಕೂರುತ್ತಾನೆ. ಊರು ಬಿಡದೆಯೇ ಅವನು ಪರದೇಶಿಯಾದ. ಕನ್ನಡದ ವಿದೇಶ ಕಥನಗಳನ್ನು ಈ ಚಿತ್ರದ ಪಕ್ಕದಲ್ಲಿಟ್ಟು ನೋಡಿದರೆ ಅವುಗಳ ‘ಊರು’ ಎಷ್ಟು ಅನುಕೂಲಸ್ಥರ ಊರು ಎಂಬುದು ಗೊತ್ತಾಗುತ್ತದೆ. ಅಲ್ಲಿ ಮರಳಿ ಬರಲು ತೊಟ್ಟಿಮನೆ ಇದೆ, ಹೊಲ ಇದೆ, ಕಾಯುವ ಅಮ್ಮ ಇದ್ದಾಳೆ. ಬೆಳಿಗ್ಗೆ ನಾಲ್ಕಕ್ಕೆ ಜೀಪು ಹತ್ತುವ ಅಮ್ಮ ಯಾರಿಗೂ ಕಾಯುತ್ತಾ ಕೂರಲಾರಳು.

ಹಾಗಾದರೆ ವಿದೇಶವೇ ಮೇಲೇ? ಇಲ್ಲಿ ಷರತ್ತಿನ ಮಾತು ಬರುತ್ತದೆ. ನಮ್ಮ ನೆಂಟರಲ್ಲೇ ಎರಡು ಮನೆ ಹೇಳ್ತೀನಿ, ಹೆಸರು ಬೇಡ. ಒಬ್ಬ ಸಿಂಗಪುರದಲ್ಲಿ ಕಟ್ಟಡದ ಕೆಲಸಕ್ಕಿದ್ದಾನೆ. ಅಲ್ಲಿ ವರ್ಕ್ ಪರ್ಮಿಟ್‌ನವರು ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳುವ ಹಾಗಿಲ್ಲ. ಅದಕ್ಕೆ ಮೇಲಿನ ದರ್ಜೆಯ ಪಾಸ್ ಬೇಕು, ತಿಂಗಳಿಗೆ 6,000 ಸಿಂಗಪುರ ಡಾಲರ್ ಸಂಬಳ ಬೇಕು. ಮಗಳು ಇಲ್ಲೇ ಇದ್ದಾಳೆ. ಅವಳು ಎಡಗೈಯಲ್ಲಿ ಬರೆಯುವುದನ್ನು ಅವನು ಫೋನಿನಲ್ಲಿ ನೋಡಿದ್ದ. ಕ್ಯಾಮೆರಾ ಉಲ್ಟಾ ತೋರಿಸ್ತಾ ಇದೆ ಅಂದುಕೊಂಡಿದ್ದ. ಎರಡು ವರ್ಷದ ಮೇಲೆ ರಜೆಗೆ ಬಂದು ಪಕ್ಕದಲ್ಲಿ ಕೂತಾಗ ಗೊತ್ತಾಯಿತು. ಆ ಹುಡುಗಿಯ ಶಾಲೆ ಒಳ್ಳೆಯದು, ಮನೆಗೆ ತಾರಸಿ ಬಂದಿದೆ, ಇದನ್ನೆಲ್ಲ ಸಣ್ಣದು ಮಾಡುವ ಹಕ್ಕು ನನಗಿಲ್ಲ. ಗಲ್ಫಿನಲ್ಲೂ ಲೆಕ್ಕ ಹೀಗೇ. ಯುಎಇಯಲ್ಲಿ ಮನೆಯವರನ್ನು ಕರೆಸಿಕೊಳ್ಳಲು ತಿಂಗಳಿಗೆ 4,000 ದಿರ್ಹಾಂ, ಅಥವಾ 3,000 ಮತ್ತು ವಸತಿ ಇರಬೇಕು. ಅಪ್ಪನಾಗಿ ದಿನವೂ ಮನೆಗೆ ಬರುವುದಕ್ಕೆ ಒಂದು ಸಂಬಳದ ಗೆರೆ ಎಳೆದಿದ್ದಾರೆ. ಗೆರೆಯ ಮೇಲಿನವರ ಮಕ್ಕಳು, ಕೆಳಗಿನವರ ಮಕ್ಕಳು ಎಂದು ನೋಡದೆ ‘ವಿದೇಶ’ ಎಂಬ ಒಂದೇ ಪದದಲ್ಲಿ ಇಬ್ಬರನ್ನೂ ಹಾಕುವುದು ವಿಮರ್ಶೆಯ ಸೋಮಾರಿತನ.

ಇನ್ನೊಂದು ಮನೆ ಡಲ್ಲಾಸ್‌ನಲ್ಲಿದೆ. ಗಂಡ ಹೆಂಡತಿ ಮಗ ಒಟ್ಟಿಗೆ ಹೋದರು. ಸಂಜೆ ಆರಕ್ಕೆ ಮೂವರೂ ಒಂದೇ ಮೇಜಿಗೆ ಊಟಕ್ಕೆ ಕೂರುತ್ತಾರೆ. “ನಮ್ಮಪ್ಪನ ಜೊತೆ ನಾನು ವಾರಕ್ಕೆ ಮೂರು ದಿನಾನೂ ಕೂತು ಉಂಡವನಲ್ಲ” ಅಂತ ಅವನೇ ನನಗೆ ಹೇಳಿದ. ಅಮೆರಿಕದಲ್ಲಿ ಕುಟುಂಬ ಹಾಳಾಗುತ್ತದೆ ಎಂಬ ನಮ್ಮ ಸಿನಿಮಾದ ಸಿದ್ಧಾಂತಕ್ಕೆ ಈ ಊಟದ ಮೇಜು ಉತ್ತರ. ಅಲ್ಲಿ ಅತ್ತೆ ಮಾವನ ಮನೆಯ ಕಟ್ಟುಪಾಡಿನಿಂದ ಹೊರಬಂದ ಸೊಸೆ ಇದ್ದಾಳೆ. ಅವಳ ಉಸಿರಾಟದ ಹದ ಮಗನಿಗೂ ತಗಲುತ್ತದೆ. ಅದನ್ನು ನಮ್ಮ ಗಂಡು ಲೇಖಕರು ಬರೆದದ್ದು ಕಡಿಮೆ.

ಆದರೆ ಶ್ರೀಮಂತ ದೇಶ ಎಂದರೆ ತಾನಾಗಿಯೇ ಒಳ್ಳೆಯ ಬಾಲ್ಯ ಎಂದೂ ಅಲ್ಲ. ಯುನಿಸೆಫ್ 2020ರಲ್ಲಿ ಶ್ರೀಮಂತ ದೇಶಗಳ ಮಕ್ಕಳ ಯೋಗಕ್ಷೇಮವನ್ನು ಹೋಲಿಸಿದಾಗ 38 ದೇಶಗಳಲ್ಲಿ ನೆದರ್‌ಲ್ಯಾಂಡ್ಸ್ ಮೊದಲು ಬಂತು, ಅಮೆರಿಕ 36ನೆಯದಾಯಿತು. ಹೆರಿಗೆಗೆ ಸಂಬಳ ಸಹಿತ ರಜೆ ಕೊಡುವ ರಾಷ್ಟ್ರಮಟ್ಟದ ಕಾನೂನೇ ಅಲ್ಲಿಲ್ಲ. 1993ರ ಕಾನೂನು ಕೊಡುವುದು ಸಂಬಳವಿಲ್ಲದ 12 ವಾರ. ನಮ್ಮಲ್ಲಿ 2017ರ ತಿದ್ದುಪಡಿಯಿಂದ 26 ವಾರ ಇದೆ. ಕಾಗದದ ಮೇಲೆ ನಾವೇ ಮುಂದೆ. ಜೀಪಿನಲ್ಲಿ ಹೋಗುವ ದಿನಗೂಲಿಯ ಹೆಂಗಸಿಗೆ ಈ ಮಾತು ಹೇಳಿದರೆ ಅವಳು ನಗುತ್ತಾಳೆ.

ಮಗುವಿನ ಎತ್ತರಕ್ಕೆ ಬಗ್ಗಿ ನೋಡಿದ ಕೃತಿ ಯಾವುದು ಎಂದು ಕೇಳಿದರೆ ನಾನು ಜುಂಪಾ ಲಾಹಿರಿಯವರ ‘ದ ನೇಮ್‌ಸೇಕ್’ ಹೆಸರು ಹೇಳುತ್ತೇನೆ. 2003ರ ಇಂಗ್ಲಿಷ್ ಕಾದಂಬರಿ, ಬಂಗಾಳಿ ಮನೆಯದು. ಮಗುವಿನ ಹೆಸರು ಬರೆದು ಮುತ್ತಜ್ಜಿ ಕಳಿಸಿದ ಕಾಗದ ಅಂಚೆಯಲ್ಲಿ ಕಳೆದುಹೋಗುತ್ತದೆ. ಇಡೀ ಕಾದಂಬರಿ ಆ ಕಾಗದದ ಗೈರುಹಾಜರಿಯಿಂದ ಬೆಳೆಯುತ್ತದೆ. ಲಾಹಿರಿ ಯಾರನ್ನೂ ಕಟಕಟೆಗೆ ಹತ್ತಿಸುವುದಿಲ್ಲ. ತಂದೆ ತಾಯಿ ಒಳ್ಳೆಯವರು, ದೇಶ ಕೆಟ್ಟದ್ದಲ್ಲ, ಆದರೂ ಮಗನ ಬದುಕಿನಲ್ಲಿ ಒಂದು ಕಾಗದದಷ್ಟು ಜಾಗ ಖಾಲಿ. ಕನ್ನಡದಲ್ಲಿ ಗುರುಪ್ರಸಾದ ಕಾಗಿನೆಲೆಯಂಥವರು ಅಮೆರಿಕದಲ್ಲೇ ಇದ್ದು ಬರೆಯಲು ತೊಡಗಿದ ಮೇಲೆ ಅಲ್ಲಿಯ ಬದುಕು ದೂರದಿಂದ ಕೊಟ್ಟ ತೀರ್ಪಾಗಿ ಉಳಿಯಲಿಲ್ಲ, ಒಳಗಿನ ವಿವರವಾಗಿ ಬರತೊಡಗಿತು. ಅಲ್ಲಿ ಹುಟ್ಟಿ ಬೆಳೆದ ಮಗುವೇ ಕನ್ನಡದಲ್ಲಿ ಬರೆಯುವ ದಿನ ಬರುತ್ತದೋ ಇಲ್ಲವೋ. ನಮ್ಮ ಕಣಿವೆಯ ಕನ್ನಡದಲ್ಲಿ ಇಷ್ಟು ತಲೆಮಾರು ಬದುಕಿದವರೇ ಬರೆದದ್ದು ಎಷ್ಟು?

ಚಾಟ್‌ನಲ್ಲಿ ಒಂದು ಪ್ರಶ್ನೆ ಬಂದಿದೆ, ಉತ್ತರಿಸಿ ಮುಗಿಸುತ್ತೇನೆ: “ಕೊನೆಗೆ ನಿಮ್ಮ ಪ್ರಕಾರ ಹೋಗಬೇಕೋ, ಬೇಡವೋ?” ಇದನ್ನೇ ನಮ್ಮ ಕಡೆಯ ಒಬ್ಬ ದಂಪತಿ ಕಳೆದ ತಿಂಗಳು ಕೇಳಿದರು. ಹನ್ನೊಂದು ವರ್ಷದ ಮಗಳಿದ್ದಾಳೆ, ಅಮೆರಿಕದ ಕೆಲಸ ಸಿಕ್ಕಿದೆ. ಸಂಬಳದ ಕಾಗದ ಪಕ್ಕಕ್ಕಿಟ್ಟು ವೀಸಾದ ಕಾಗದ ಓದಿ ಅಂದೆ. ಎಚ್–1ಬಿ ಮೇಲೆ ಹೋದವರ ಮಕ್ಕಳು ಅವಲಂಬಿತರಾಗಿ ಅಲ್ಲಿರಬಹುದು, 21 ತುಂಬುವ ತನಕ. ಗ್ರೀನ್ ಕಾರ್ಡಿಗೆ ಭಾರತೀಯರ ಸಾಲು ಎಷ್ಟು ಉದ್ದ ಎಂದು ಎಲ್ಲರಿಗೂ ಗೊತ್ತು. ಅಷ್ಟರಲ್ಲಿ ಅದು ಸಿಗದಿದ್ದರೆ ಮಗಳು ವಿದ್ಯಾರ್ಥಿ ವೀಸಾವನ್ನೋ ಇನ್ನೊಂದನ್ನೋ ತಾನೇ ಹುಡುಕಿಕೊಳ್ಳಬೇಕು, ಇಲ್ಲವೇ ಹೊರಡಬೇಕು. ಅಂದರೆ ಈ ವೀಸಾದ ಮೇಲೆ ನಿಮ್ಮ ಮೂವರಿಗೂ ಒಂದೇ ಮೇಜಿನ ಊಟ ಹೆಚ್ಚೆಂದರೆ ಹತ್ತು ವರ್ಷಕ್ಕೆ. ಹತ್ತು ವರ್ಷ ಸಾಕೆಂದು ಅನ್ನಿಸಿದರೆ ಹೋಗಿ, ಅವಳನ್ನೂ ಕೂರಿಸಿಕೊಂಡು ಕೇಳಿ ಅಂದೆ. ಆಕೆ ಬಾಗಿಲ ಹತ್ತಿರವೇ ನಿಂತಿದ್ದಳು, ಅಲ್ಲಿ ನಾಯಿ ಸಾಕಬಹುದಾ ಅಂತ ಕೇಳಿದಳು. ಅವಳಪ್ಪ ಅದಕ್ಕಿನ್ನೂ ಉತ್ತರ ಕೊಟ್ಟಿಲ್ಲ. ಸಮಯ ಮೀರಿದೆ, ನಿಲ್ಲಿಸುತ್ತೇನೆ.